ಲಾಭದ ಢಾಲು ಬೇಡ, ಕೂಲಿಯ ಲೆಕ್ಕ ಬೇಕು

ಖಡಕಿ, ಬೋಪೋಡಿ, ದಾಪೋಡಿಯ ಕನ್ನಡ ಕಾರ್ಮಿಕ ಬಂಧುಗಳೇ,

ನಮ್ಮ ಸಂಘದ ಮುಂದಿನ ಸಾಮಾನ್ಯ ಸಭೆಗೆ ಒಂದು ಠರಾವು ಬರಲಿದೆ. ಸದಸ್ಯರ ಮಕ್ಕಳಿಗಾಗಿ ಒಂದು ದಿನದ ವ್ಯಾಪಾರ ಸ್ಪರ್ಧೆ ನಡೆಸಬೇಕು. ಮಕ್ಕಳು ಮನೆಯಿಂದ ತಿಂಡಿತೀರ್ಥ, ಕೈಕೆಲಸದ ಸಾಮಾನು ತಂದು ಮಾರಬೇಕು. ಸಂಜೆ ಎಲ್ಲರಿಗಿಂತ ಹೆಚ್ಚು ಲಾಭ ತೋರಿಸಿದವರಿಗೆ ಢಾಲು ಕೊಡಬೇಕು. ಇದರಿಂದ ನಮ್ಮ ಮಕ್ಕಳಲ್ಲಿ ಉದ್ಯಮಶೀಲತೆ ಬೆಳೆಯುತ್ತದೆ. ಇಷ್ಟು ಆ ಠರಾವಿನ ಸಾರಾಂಶ. ತಂದವರ ಮನಸ್ಸು ಒಳ್ಳೆಯದು. ಅವರ ಮಕ್ಕಳೂ ನಮ್ಮ ಮಕ್ಕಳೂ ಒಂದೇ ಬೆಂಚಿನ ಮೇಲೆ ಕುಳಿತು ಓದುವವರು. ಆದರೆ ಠರಾವು ಈಗಿರುವ ರೂಪದಲ್ಲೇ ಪಾಸಾದರೆ ನಾವು ಮಕ್ಕಳಿಗೆ ಕಲಿಸುವುದು ಉದ್ಯಮವನ್ನಲ್ಲ, ದುಡಿಮೆಗೆ ಬೆಲೆಯಿಲ್ಲವೆಂಬ ಪಾಠವನ್ನು. ಕಾರ್ಮಿಕರ ಸಂಘವೇ ಮುಂದೆ ನಿಂತು ಆ ಪಾಠ ಹೇಳಿಕೊಡಬಾರದು. ಆದ್ದರಿಂದ ಇದನ್ನು ಬರೆಯಬೇಕಾಯಿತು.

ಇಂಥ ಸಂತೆಗಳು ಹೊಸವಲ್ಲ. ನಮ್ಮ ಊರಿನ ಕಡೆ ಸರಕಾರಿ ಶಾಲೆಗಳಲ್ಲಿ ‘ಮಕ್ಕಳ ಸಂತೆ’ ನಡೆಯುತ್ತದೆ. ಅದರ ಜೊತೆಗೆ ಮೆಟ್ರಿಕ್ ಮೇಳವೆಂದು ತೂಕ, ಅಳತೆ, ಚಿಲ್ಲರೆ ಲೆಕ್ಕ ಕಲಿಸುವುದೂ ಉಂಟು. ಮಕ್ಕಳು ಹಿತ್ತಲಿನ ಸೊಪ್ಪು, ನಿಂಬೆಹಣ್ಣು, ತೆಂಗಿನಕಾಯಿ, ಚುರುಮುರಿ ತಂದು ಕೂಗಿ ಮಾರುತ್ತಾರೆ. ಮೇಷ್ಟರುಗಳೂ ಊರವರೂ ಗಿರಾಕಿಗಳು. ಇಲ್ಲಿ ಮಹಾರಾಷ್ಟ್ರದ ಶಾಲೆಗಳಲ್ಲಿ ‘ಬಾಲ ಆನಂದ ಮೇಳಾವ’ ಎಂಬ ಹೆಸರಿನಲ್ಲಿ ಇದೇ ನಡೆಯುತ್ತದೆ. ದೆಹಲಿಯಲ್ಲಿ 2021ರಲ್ಲಿ ಅಲ್ಲಿನ ಸರಕಾರ ‘ಬಿಸಿನೆಸ್ ಬ್ಲಾಸ್ಟರ್ಸ್’ ಎಂಬ ಯೋಜನೆ ತಂದು, ಸರಕಾರಿ ಶಾಲೆಗಳ 11 ಮತ್ತು 12ನೇ ತರಗತಿಯ ಮಕ್ಕಳಿಗೆ ತಲೆಗೆ 2,000 ರೂಪಾಯಿ ಮೂಲ ಬಂಡವಾಳ ಕೊಟ್ಟು ತಂಡ ಕಟ್ಟಿ ಧಂದೆ ಮಾಡಲು ಹೇಳಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿಯ ಮಕ್ಕಳಿಗೆ 10 ದಿನ ಚೀಲವಿಲ್ಲದ ಶಾಲೆಯಿರಬೇಕು, ಆ ದಿನಗಳಲ್ಲಿ ಬಡಗಿ, ಕುಂಬಾರ, ತೋಟಗಾರ ಮುಂತಾದವರ ಕಸುಬನ್ನು ಅವರು ನೋಡಿ ಕಲಿಯಬೇಕು ಎಂದಿತು. ಗಾಳಿ ಈ ದಿಕ್ಕಿನಲ್ಲಿ ಬೀಸುತ್ತಿದೆ. ಅದಕ್ಕೆ ಬೆನ್ನು ಹಾಕಿ ನಿಲ್ಲೋಣವೆಂದು ನಾನು ಹೇಳುತ್ತಿಲ್ಲ.

ಒಳ್ಳೆಯದನ್ನು ಒಪ್ಪಿಕೊಳ್ಳೋಣ. ಪುಸ್ತಕದ ಗಣಿತಕ್ಕೆ ಹೆದರುವ ಹುಡುಗ ಸಂತೆಯಲ್ಲಿ ಚಿಲ್ಲರೆಯನ್ನು ತಪ್ಪದೆ ಎಣಿಸುತ್ತಾನೆ. ನಾಲ್ಕು ಜನರೆದುರು ಬಾಯಿ ಬಿಡದ ಹುಡುಗಿ ಕೂಗಿ ಕರೆದು ಮಾರುತ್ತಾಳೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಹಿಂದಿ, ಶಾಲೆಯಲ್ಲಿ ಮರಾಠಿಯೋ ಇಂಗ್ಲೀಷೋ ಎಂದು ಮೂರು ನುಡಿಗಳ ನಡುವೆ ಬೆಳೆಯುವ ನಮ್ಮ ಮಕ್ಕಳಿಗೆ ಆ ಧೈರ್ಯ ಬೇಕೇ ಬೇಕು. ನನ್ನ ತಕರಾರು ಸಂತೆಯ ಮೇಲಲ್ಲ. ಸಂಜೆ ಹೊತ್ತು ಹಾಕುವ ಲೆಕ್ಕದ ಮೇಲೆ.

ಇಡ್ಲಿಯ ಹಿಶೇಬು

ನಾವು ಹೋಟೆಲಿನವರು. ಆದ್ದರಿಂದ ಇಡ್ಲಿಯ ಲೆಕ್ಕವನ್ನೇ ಹಾಕೋಣ. ಇಬ್ಬರು ಮಕ್ಕಳು ಸೇರಿ ಸಂತೆಯಲ್ಲಿ 50 ಪ್ಲೇಟು ಇಡ್ಲಿ ಮಾರಿದರೆಂದು ತಿಳಿಯಿರಿ. ಪ್ಲೇಟಿಗೆ 20 ರೂಪಾಯಿ. ಗಲ್ಲೆಗೆ ಬಿದ್ದದ್ದು 1,000 ರೂಪಾಯಿ. ಖರ್ಚು: ಅಕ್ಕಿ, ಉದ್ದು 320, ಚಟ್ನಿ, ಸಾಂಬಾರಿನ ಸಾಮಾನು 180, ಗ್ಯಾಸು 60, ಕಾಗದದ ತಟ್ಟೆ 50. ಒಟ್ಟು 610. ಉಳಿದದ್ದು 390 ರೂಪಾಯಿ. ಮೇಷ್ಟರು ಹಲಗೆಯ ಮೇಲೆ ‘ಲಾಭ 390’ ಎಂದು ಬರೆಯುತ್ತಾರೆ. ಚಪ್ಪಾಳೆ. ಢಾಲು. ಫೋಟೋ.

ಈಗ ನಮ್ಮ ಲೆಕ್ಕ. ಹಿಂದಿನ ದಿನ ಅಕ್ಕಿ ಉದ್ದು ನೆನೆಹಾಕಿ, ರಾತ್ರಿ ರುಬ್ಬಿ, ಬೆಳಗ್ಗೆ ನಾಲ್ಕಕ್ಕೆ ಎದ್ದು ಬೇಯಿಸಿದವಳು ಯಾರು? ತಾಯಿ. ಅವಳ ದುಡಿಮೆ 5 ತಾಸು. ಕಾಯಿ ತುರಿದು ಪಾತ್ರೆ ತೊಳೆದ ಅಕ್ಕನದು 2 ತಾಸು. ಸ್ಟಾಲಿನಲ್ಲಿ ನಿಂತ ಮಕ್ಕಳದು ತಲಾ 4 ತಾಸು, ಅಂದರೆ 8. ಒಟ್ಟು 15 ತಾಸು. ತಾಸಿಗೆ ಬರೀ 50 ರೂಪಾಯಿ ಹಿಡಿದರೂ 750 ರೂಪಾಯಿ ಕೂಲಿ. 610ಕ್ಕೆ 750 ಸೇರಿದರೆ ನಿಜವಾದ ಖರ್ಚು 1,360. ಗಲ್ಲೆಯಲ್ಲಿ ಇರುವುದು 1,000. ಆದ್ದರಿಂದ ಆದದ್ದು 390ರ ಲಾಭವಲ್ಲ, 360ರ ನಷ್ಟ. ಗ್ರೈಂಡರು, ಇಡ್ಲಿ ಪಾತ್ರೆಗಳ ಸವಕಳಿಯನ್ನು ನಾನಿನ್ನೂ ಹಿಡಿದೇ ಇಲ್ಲ.

ಹಾಗಾದರೆ ಆ 390 ಎಲ್ಲಿಂದ ಬಂತು? ಆಕಾಶದಿಂದ ಉದುರಲಿಲ್ಲ. ಮಗುವಿನ ಜಾಣತನದಿಂದಲೂ ಬರಲಿಲ್ಲ. ತಾಯಿಗೆ ಕೊಡದೆ ಉಳಿಸಿಕೊಂಡ ಕೂಲಿಯೇ ಹಲಗೆಯ ಮೇಲೆ ಲಾಭವೆಂಬ ಹೆಸರು ಹೊತ್ತು ಕುಳಿತಿದೆ. ಹೋಟೆಲಿನಲ್ಲಿ ದುಡಿದವರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕೆ? ಹೆಚ್ಚುವರಿ ತಾಸಿಗೆ ಪಗಾರ ಕೊಡದಿದ್ದರೆ ಮಾಲೀಕನ ಲಾಭ ಹೆಚ್ಚುತ್ತದೆ. ವಾರದ ರಜೆ ಕೊಡದಿದ್ದರೆ ಇನ್ನಷ್ಟು ಹೆಚ್ಚುತ್ತದೆ. ಜಗತ್ತಿನ ಅತ್ಯಂತ ಸುಲಭದ ಉದ್ಯಮಶೀಲತೆ ಇದು: ದುಡಿದವನ ಹೆಸರನ್ನು ಖರ್ಚಿನ ಕಡೆಯಿಂದ ಅಳಿಸಿಬಿಡುವುದು. ಅದನ್ನು ಹತ್ತು ವರ್ಷದ ಮಗುವಿಗೆ ಢಾಲು ಕೊಟ್ಟು ಕಲಿಸಬೇಕೆ?

ಅದೇ ಲೆಕ್ಕವನ್ನು ನೇರವಾಗಿ ಹಾಕಿಸಿದರೆ ಮಗು ಬೇರೊಂದನ್ನು ಕಲಿಯುತ್ತದೆ. ಪ್ಲೇಟಿಗೆ 28 ರೂಪಾಯಿ ಇಟ್ಟರೆ 1,400 ಬರುತ್ತದೆ. ಎಲ್ಲರ ಕೂಲಿ ಹೋಗಿ 40 ರೂಪಾಯಿ ಮಿಗುತ್ತದೆ. ಆದರೆ 28ಕ್ಕೆ ಗಿರಾಕಿ ಕೊಂಡಾನೆಯೆ? ಕೊಳ್ಳದಿದ್ದರೆ ತಾಸುಗಳನ್ನು ಹೇಗೆ ಕಡಿಮೆ ಮಾಡಬಹುದು? ನಾಲ್ಕು ಮನೆಯಲ್ಲಿ ನಾಲ್ವರು ತಾಯಂದಿರು ಬೇರೆ ಬೇರೆ ರುಬ್ಬುವ ಬದಲು ಒಂದೇ ಗ್ರೈಂಡರಿನಲ್ಲಿ ರುಬ್ಬಿದರೆ ಹೇಗೆ? ಈ ಪ್ರಶ್ನೆಗಳು ಹುಟ್ಟಿದಾಗ ಉದ್ಯಮ ಹುಟ್ಟಿತೆನ್ನಿ. ಕೂಲಿಯನ್ನು ಸೊನ್ನೆಯೆಂದು ಹಿಡಿದವನಿಗೆ ಇಂಥ ಪ್ರಶ್ನೆಯೇ ಏಳುವುದಿಲ್ಲ. ಬಿಟ್ಟಿ ದುಡಿಮೆ ಸಿಗುವಲ್ಲಿ ಬುದ್ಧಿಗೆ ಕೆಲಸವೆಲ್ಲಿ?

‘ಮಗು ಕಲಿಯುತ್ತಿದೆಯಲ್ಲ’

ಇದಕ್ಕೆ ಕೆಲವರು ಹೇಳುವ ಉತ್ತರ ನನಗೆ ಗೊತ್ತು: “ಮಕ್ಕಳ ಆಟಕ್ಕೆ ಇಷ್ಟೆಲ್ಲ ಲೆಕ್ಕ ಯಾಕೆ? ಮಗು ಕಲಿಯುತ್ತಿದೆಯಲ್ಲ, ಅದೇ ಕೂಲಿ.” ಈ ಮಾತನ್ನು ನಾನು ಮೊದಲೂ ಕೇಳಿದ್ದೇನೆ. ಏಳನೇ ತರಗತಿ ಮುಗಿಸಿ ಲೋಟ ತೊಳೆಯಲು ನಿಂತ ಮೊದಲ ವರ್ಷ ನನ್ನ ಕೈಗೆ ಪಗಾರ ಬರಲಿಲ್ಲ. ಕೇಳಿದರೆ, “ಊಟ ಹಾಕಿ ಕೆಲಸ ಕಲಿಸುತ್ತಿದ್ದೇವೆ, ಇನ್ನೇನು ಬೇಕು ಮಾರಾಯ?” ಎಂಬ ಉತ್ತರ. ಲೋಟ ತೊಳೆಯಲು ಒಂದು ವರ್ಷ ಕಲಿಯಬೇಕೆ? ಈ ಪತ್ರಿಕೆ ಓದುವವರಲ್ಲಿ ಆ ಮಾತು ಕೇಳದವರು ವಿರಳ. ಕಲಿಕೆಯ ಹೆಸರಿನಲ್ಲಿ ಬಿಟ್ಟಿ ದುಡಿಸಿಕೊಳ್ಳುವುದು ನಮ್ಮ ಧಂದೆಯ ಹಳೆಯ ಚಾಳಿ.

ಅದನ್ನು ತಡೆಯಲು ಕಾಯಿದೆ ಮಾಡಬೇಕಾಯಿತು, ಅದೂ ಕಂತು ಕಂತಾಗಿ. 1986ರ ಬಾಲಕಾರ್ಮಿಕ ಕಾಯಿದೆಯ ನಿಷೇಧದ ಪಟ್ಟಿಯಲ್ಲಿ ಹೋಟೆಲು ಇರಲಿಲ್ಲ. 2006ರ ಅಕ್ಟೋಬರ್ 10ರಿಂದ ಹೋಟೆಲು, ಢಾಬಾ, ಚಹಾದಂಗಡಿಗಳೂ ಮನೆಗೆಲಸವೂ ಆ ಪಟ್ಟಿಗೆ ಸೇರಿದವು. 2016ರ ತಿದ್ದುಪಡಿ 14 ವರ್ಷದೊಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ಇಡಬಾರದೆಂದಿತು. ಆದರೆ ಅದರಲ್ಲಿ ಒಂದು ಕಿಂಡಿ ಉಳಿಯಿತು: ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ, ಅಪಾಯವಿಲ್ಲದ ಮನೆತನದ ಧಂದೆಯಲ್ಲಿ ಮಗು ಕೈ ನೆರವು ಕೊಡಬಹುದು. ಆ ಕಿಂಡಿಯ ಪಕ್ಕದಲ್ಲಿ ‘ಉದ್ಯಮಶೀಲತೆ’ ಎಂಬ ಫಲಕ ತೂಗುಹಾಕಿದರೆ ಅದು ಬಾಗಿಲಾಗಲು ಎಷ್ಟು ಹೊತ್ತು? ವರ್ಷಕ್ಕೊಂದು ದಿನದ ಸಂತೆ ಆಟ. ಮಗು ಪ್ರತಿ ಸಂಜೆ ಗಾಡಿಯ ಬಳಿ ನಿಂತರೆ ಅದು ಆಟವಲ್ಲ. ಈ ಗೆರೆಯನ್ನು ಮಾಲೀಕರು ಎಳೆಯುವುದಿಲ್ಲ, ನಾವೇ ಎಳೆಯಬೇಕು.

ಢಾಲು ಯಾರ ಮನೆಗೆ?

ಇನ್ನು ‘ಹೆಚ್ಚು ಲಾಭಕ್ಕೆ ಢಾಲು’ ಎಂಬ ನಿಯಮ. ಎಲ್ಲ ಮಕ್ಕಳೂ ಮನೆಯಿಂದ ಬಂಡವಾಳ ತರಬೇಕಂತೆ. ತಂದೆಗೆ ಸ್ವಂತ ಅಂಗಡಿಯಿರುವ ಮಗು ಸಗಟು ದರದಲ್ಲಿ ಸಾಮಾನು ತರುತ್ತದೆ. ಅದರ ಕಡೆಯವರು ಬಂದು ಇಪ್ಪತ್ತರ ತಿಂಡಿಗೆ ಐವತ್ತು ಕೊಟ್ಟು ಹೋಗುತ್ತಾರೆ. ಬೆಳಗಾಗುವ ಮೊದಲೇ ನಾಲ್ಕು ಮನೆಯ ಪಾತ್ರೆ ತಿಕ್ಕಲು ಹೋಗುವ ತಾಯಿಯ ಮಗು ಏನು ತರಬೇಕು? ಅಪ್ಪ ಹೋಟೆಲಿನ ಮೇಲಟ್ಟದಲ್ಲಿ ಮಲಗುವವನು, ಸಂಸಾರ ಒಂದೇ ಖೋಲಿಯಲ್ಲಿ ಇನ್ನಿಬ್ಬರ ಜೊತೆಗಿದೆ. ಅಂಥ ಮಗುವಿಗೆ ಒಲೆಯಾದರೂ ಎಲ್ಲಿ? ಸಂಜೆ ಢಾಲು ಹೋಗುವುದು ಮೊದಲೇ ಇದ್ದವರ ಮನೆಗೆ. ಉಳಿದ ಮಕ್ಕಳು ಹೊತ್ತುಕೊಂಡು ಹೋಗುವುದು ಒಂದೇ ಮಾತು: ‘ನಮಗೆ ಬುದ್ಧಿ ಸಾಲದು.’ ಸೋತದ್ದು ಬಂಡವಾಳದಿಂದ, ನಾಚಿಕೆಪಟ್ಟುಕೊಳ್ಳುವುದು ಬುದ್ಧಿಗಾಗಿ. ಇದಕ್ಕಿಂತ ದೊಡ್ಡ ಅನ್ಯಾಯವಿದೆಯೇ?

ದೆಹಲಿಯ ಯೋಜನೆಯಲ್ಲಿ ಈ ಒಂದು ವಿಷಯ ಸರಿಯಾಗಿತ್ತು. ಅಲ್ಲಿ ಮೂಲ ಬಂಡವಾಳವನ್ನು ಮನೆಯವರಲ್ಲ, ಸರಕಾರವೇ ಕೊಟ್ಟಿತು, ಎಲ್ಲರಿಗೂ ಅಷ್ಟಷ್ಟೇ. ಓಟದ ಗೆರೆ ಎಲ್ಲರಿಗೂ ಒಂದೇ ಕಡೆ ಇತ್ತು. ನಮ್ಮ ಠರಾವಿನಲ್ಲಿ ಅದೂ ಇಲ್ಲ.

ಸ್ಟಾಲುಗಳ ಕಡೆ ಇನ್ನೊಮ್ಮೆ ನೋಡಿ. ಗಲ್ಲೆಯ ಮುಂದೆ ಹುಡುಗ, ಒಲೆಯ ಮುಂದೆ ಹುಡುಗಿ. ಯಾರೂ ಹೇಳಿಕೊಡದೆಯೇ ಹೀಗಾಗುತ್ತದೆ. ಕೂಲಿಯ ಲೆಕ್ಕ ಬರೆಯದಿದ್ದರೆ ಆ ಹುಡುಗಿಯ ಹೆಸರೂ ತಾಯಿಯ ಹೆಸರಿನ ಹಾಗೆಯೇ ಅಳಿಸಿಹೋಗುತ್ತದೆ.

ಬರಿಗೈಯ ಕಥೆಗಳು

ಮೇಳಾವಗಳಲ್ಲಿ ಬಂದ ಅತಿಥಿಗಳು ತಪ್ಪದೆ ಒಂದು ಕಥೆ ಹೇಳುತ್ತಾರೆ. ಬರಿಗೈಯಲ್ಲಿ ಘಟ್ಟ ಹತ್ತಿ ಬಂದವರು, ಲೋಟ ತೊಳೆದವರು, ಇಂದು ದೊಡ್ಡ ಹೋಟೆಲಿನ ಧಣಿಗಳು. ನೀವೂ ಮನಸ್ಸು ಮಾಡಿದರೆ ಆಗಬಹುದು. ಪುಣೆಯಲ್ಲಿ ಇಂಥ ಉದಾಹರಣೆಗಳಿಲ್ಲವೆಂದಲ್ಲ. ಫರ್ಗ್ಯುಸನ್ ಕಾಲೇಜು ರಸ್ತೆಯ ವೈಶಾಲಿ ಹೋಟೆಲಿನ ಜಗನ್ನಾಥ ಶೆಟ್ಟರು ಕಾರ್ಕಳದ ಕಡೆಯಿಂದ ಎಳೆಯ ವಯಸ್ಸಿನಲ್ಲಿ ಬಂದು, ಬಂಧುಗಳ ಹೋಟೆಲಿನಲ್ಲಿ ದುಡಿದು, ಮುಂದೆ ಊರಿಗೆ ಊರೇ ಬಲ್ಲ ಹೆಸರು ಮಾಡಿದರು. 2023ರಲ್ಲಿ ಅವರು ತೀರಿಕೊಂಡಾಗ ಪುಣೆಗೆ ಪುಣೆಯೇ ನೆನೆಯಿತು. ಅವರ ದುಡಿಮೆಯ ಬಗ್ಗೆ ನಮಗೆ ಗೌರವವಿದೆ. ಆದರೆ ಕಥೆ ಹೇಳುವವರು ‘ಬಂಧುಗಳ ಹೋಟೆಲಿನಲ್ಲಿ’ ಎಂಬ ಮಾತನ್ನು ನುಂಗಿಬಿಡುತ್ತಾರೆ. ಕೈ ಹಿಡಿದು ನಿಲ್ಲಿಸುವವರು ಒಬ್ಬರಿರಬೇಕು. ಅದೇ ಮೊದಲ ಬಂಡವಾಳ.

ಖಡಕಿಯವರಿಗೆ ಕಿರ್ಲೋಸ್ಕರ್ ಹೆಸರು ಹೊಸದಲ್ಲ. ಆಯಿಲ್ ಎಂಜಿನ್ ಕಂಪನಿ 1946ರಲ್ಲಿ ಶುರುವಾದಾಗಿನಿಂದ ಇಲ್ಲಿಯ ಎಷ್ಟೋ ಮನೆಗಳ ಒಲೆ ಅದರಿಂದ ಉರಿದಿದೆ. ಆ ಮನೆತನದ ಮೂಲಪುರುಷ ಲಕ್ಷ್ಮಣರಾವ್ ಕಿರ್ಲೋಸ್ಕರ್ ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದವರು. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಶುರು. ಮುಂದೆ ಕಬ್ಬಿಣದ ನೇಗಿಲು ಮಾಡಿದರು. ರೈತರು ಬಹುಕಾಲ ಅದನ್ನು ಮುಟ್ಟಲಿಲ್ಲ, ಕಬ್ಬಿಣದಿಂದ ನೆಲ ಕೆಡುತ್ತದೆಂದು ಹೆದರಿದರು. ಛಲ ಇತ್ತು, ಕೈಯಲ್ಲಿ ವಿದ್ಯೆ ಇತ್ತು. ಆದರೂ ಬೆಳಗಾವಿಯ ಜಾಗ ಬಿಡಬೇಕಾಗಿ ಬಂದಾಗ ಔಂಧ್ ಸಂಸ್ಥಾನದ ರಾಜರು ನೆಲವನ್ನೂ ಸಾಲವನ್ನೂ ಕೊಟ್ಟಿದ್ದರಿಂದಲೇ 1910ರಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ಛಲಕ್ಕೆ ನೆಲ ಬೇಕು, ಸಾಲ ಬೇಕು, ದುಡಿಯುವ ಕೈಗಳು ಬೇಕು. ಇಷ್ಟನ್ನೂ ಮಕ್ಕಳಿಗೆ ಹೇಳಿದರೆ ಕಥೆ ನಿಜವಾಗುತ್ತದೆ. ಛಲವೊಂದನ್ನೇ ಹೇಳಿದರೆ ಅದು ಬಡವನ ಬೆನ್ನಿಗೆ ಹೊಡೆಯುವ ಚಾಟಿಯಾಗುತ್ತದೆ.

ಗಿರಣಿಯ ಬಂಧುಗಳು ಇನ್ನೊಂದು ಕಥೆಯನ್ನು ಬಲ್ಲರು. 1982ರ ಜನವರಿ 18ರಂದು ಮುಂಬಯಿಯ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಅನೇಕ ಗಿರಣಿಗಳ ಬಾಗಿಲು ಮತ್ತೆ ತೆರೆಯಲಿಲ್ಲ. ಸಾಂಚಾ ಬಿಟ್ಟವರಲ್ಲಿ ಎಷ್ಟೋ ಜನ ಕೈಗಾಡಿ ಹಿಡಿದರು, ವಡಾಪಾವ್ ಮಾರಿದರು, ತರಕಾರಿ ಮಾರಿದರು. ಅದನ್ನು ಯಾರೂ ಉದ್ಯಮಶೀಲತೆಯೆಂದು ಕರೆದು ಢಾಲು ಕೊಡಲಿಲ್ಲ. ಬದಲಿಗೆ ರಸ್ತೆಗೆ ಅಡ್ಡವೆಂದು ಗಾಡಿ ಎತ್ತಿಕೊಂಡು ಹೋದರು. ಬೀದಿ ವ್ಯಾಪಾರಿಗಳಿಗೆ ಹಕ್ಕು ಕೊಡುವ ಕಾಯಿದೆ ಬರಲು 2014ರವರೆಗೆ ಕಾಯಬೇಕಾಯಿತು. ಶಾಲೆಯ ಅಂಗಳದಲ್ಲಿ ಭೇಳ್ ಮಾರಿದ ಮಗುವಿಗೆ ಚಪ್ಪಾಳೆ. ಅದೇ ಭೇಳನ್ನು ಬಜಾರದ ರಸ್ತೆಯಲ್ಲಿ ಮಾರುವ ಅಪ್ಪನಿಗೆ ದಂಡ. ಉದ್ಯಮವನ್ನು ಹೊಗಳುವವರು ಮೊದಲು ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಿ.

ಸ್ಪರ್ಧೆಯಿಂದ ಉದ್ಯಮಿ ಹುಟ್ಟುತ್ತಾನೆಯೆ?

ಇದನ್ನು ಪರೀಕ್ಷಿಸಿ ನೋಡಿದವರಿದ್ದಾರೆ. ವಿದ್ಯಾರ್ಥಿಗಳಿಂದ ಪುಟ್ಟ ಕಂಪನಿ ಕಟ್ಟಿಸುವ ಪದ್ಧತಿ ಅಮೆರಿಕದಲ್ಲಿ ‘ಜೂನಿಯರ್ ಅಚೀವ್‌ಮೆಂಟ್’ ಎಂಬ ಹೆಸರಿನಿಂದ 1919ರಲ್ಲಿ ಆರಂಭವಾಗಿ ಬಹಳ ದೇಶಗಳಿಗೆ ಹರಡಿತು. ಡಚ್ಚರ ನಾಡಿನ ಕಾಲೇಜು ವಿದ್ಯಾರ್ಥಿಗಳಲ್ಲಿ ಅದರ ಪರಿಣಾಮವನ್ನು ಅಳೆದ ಪಂಡಿತರು 2010ರಲ್ಲಿ ಫಲ ಪ್ರಕಟಿಸಿದರು. ಉದ್ಯಮಕ್ಕೆ ಬೇಕಾದ ಗುಣಗಳು ಹೆಚ್ಚಿದ್ದು ಕಾಣಲಿಲ್ಲ. ಸ್ವಂತ ಧಂದೆ ಮಾಡಬೇಕೆಂಬ ಇಚ್ಛೆ ಇಳಿದದ್ದು ಕಂಡಿತು. ಅದೇ ನಾಡಿನಲ್ಲಿ ಹನ್ನೊಂದು ಹನ್ನೆರಡು ವರ್ಷದ ಶಾಲಾ ಮಕ್ಕಳ ಮೇಲೆ ನಡೆದ ಇನ್ನೊಂದು ಪರೀಕ್ಷೆ 2014ರಲ್ಲಿ ಪ್ರಕಟವಾಯಿತು. ಅಲ್ಲಿ ವ್ಯಾಪಾರದ ಜ್ಞಾನವೇನೂ ಹೆಚ್ಚಲಿಲ್ಲ. ಆದರೆ ಆತ್ಮವಿಶ್ವಾಸ, ಪಟ್ಟು ಹಿಡಿಯುವ ಗುಣ ಮೊದಲಾದವು ಬೆಳೆದಿದ್ದವು.

ಇದರಿಂದ ನಮಗೆ ತಿಳಿಯುವುದೇನು? ಎಳೆಯ ಮಗುವಿನಲ್ಲಿ ಉಳಿಯುವುದು ಧಂದೆಯ ವಿದ್ಯೆಗಿಂತ ಹೆಚ್ಚಾಗಿ ಮನಸ್ಸಿನ ರೂಢಿ. ಹಾಗಿದ್ದರೆ ಯಾವ ರೂಢಿ ಹಚ್ಚುತ್ತೇವೆ ಎಂಬುದೇ ಮುಖ್ಯ ಪ್ರಶ್ನೆ. ಅಕ್ಕಪಕ್ಕದವನನ್ನು ಸೋಲಿಸಿ ಢಾಲು ಎತ್ತುವ ರೂಢಿಯೋ, ದುಡಿದವರ ಹೆಸರನ್ನೆಲ್ಲ ಬರೆದು ಹಂಚಿಕೊಳ್ಳುವ ರೂಢಿಯೋ?

‘ನಮ್ಮ ಮಕ್ಕಳಿಗೆ ವ್ಯಾಪಾರವೇ ಬೇಡ’ ಎನ್ನುವವರಿಗೆ

ಸಂಘದಲ್ಲಿ ಇನ್ನೊಂದು ಪಕ್ಷವೂ ಇದೆ. “ನಾವೇನು ಸೇಠಜಿಗಳನ್ನು ತಯಾರು ಮಾಡುವ ಕಾರಖಾನೆಯೆ? ಮಕ್ಕಳು ಓದಿ ನೌಕರಿ ಹಿಡಿಯಲಿ, ಸಾಕು” ಎಂದು ಅವರು ಇಡೀ ಠರಾವನ್ನೇ ಬಿಸಾಡಲು ಹೇಳುತ್ತಾರೆ. ಅದೂ ತಪ್ಪು. ಜಮಾಖರ್ಚು ಓದಲು ಬಾರದ ಕಾರ್ಮಿಕ ಅರ್ಧ ಕುರುಡ. 1965ರ ಬೋನಸ್ ಕಾಯಿದೆಯಲ್ಲಿ ತಿದ್ದುಪಡಿಯ ನಂತರ ಕನಿಷ್ಠ ಬೋನಸ್ ಶೇಕಡಾ 8.33, ಗರಿಷ್ಠ 20 ಎಂದಿತ್ತು. 2019ರ ವೇತನ ಸಂಹಿತೆಯೂ ಅದನ್ನೇ ಉಳಿಸಿಕೊಂಡಿತು. ಕಾಯಿದೆಯಿಂದ ಸಿಗುವ ಕೆಳಗಿನ ಅಂಕಿಗೂ ಮೇಲಿನ ಅಂಕಿಗೂ ನಡುವೆ ಎಷ್ಟು ಸಿಗಬೇಕೆಂಬುದು ತೀರ್ಮಾನವಾಗುವುದು ಎಲ್ಲಿ? ಧಣಿಯ ಲೆಕ್ಕದ ಪುಸ್ತಕದಲ್ಲಿ. ಮಾತುಕತೆಯ ಮೇಜಿನಲ್ಲಿ ಅವರು ಆ ಪುಸ್ತಕ ತೆರೆದು, “ನೋಡಿ, ನಷ್ಟ” ಎನ್ನುತ್ತಾರೆ. ಸವಕಳಿ ಎಷ್ಟು ಹಿಡಿದಿದ್ದಾರೆ, ಮನೆಯ ಖರ್ಚನ್ನು ಹೋಟೆಲಿನ ಖರ್ಚಿನಲ್ಲಿ ಎಲ್ಲಿ ಸೇರಿಸಿದ್ದಾರೆ ಎಂದು ಬೆರಳಿಟ್ಟು ತೋರಿಸಬಲ್ಲವರು ನಮ್ಮ ಕಡೆ ಎಷ್ಟು ಜನ? ಇಡ್ಲಿಯ ಹಿಶೇಬು ಹತ್ತನೇ ವಯಸ್ಸಿನಲ್ಲಿ ಕಲಿತವನು ಮೂವತ್ತನೇ ವಯಸ್ಸಿನಲ್ಲಿ ಆ ಪುಸ್ತಕಕ್ಕೆ ಹೆದರುವುದಿಲ್ಲ. ಕೀರ್ದಿ ಖಾತೆ ಸೇಠಜಿಯ ಸ್ವತ್ತಲ್ಲ. ಅದು ನಮ್ಮ ಆಯುಧವೂ ಹೌದು.

ಇನ್ನೂ ಒಂದು ಮಾತು. ಉದ್ಯಮ ಮಾಡುವುದೆಂದರೆ ಒಬ್ಬನೇ ಧಣಿಯಾಗುವುದು ಎಂದು ಯಾರು ಹೇಳಿದರು? ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಕೃಷಿ ಪತ್ತಿನ ಸಹಕಾರ ಸಂಘ ದೇಶಕ್ಕೇ ಮೊದಲನೆಯದು. ಸಾಹುಕಾರನ ಬಡ್ಡಿಗೆ ಸಿಕ್ಕಿದ ಹಳ್ಳಿಯವರು ತಮ್ಮ ಪುಟ್ಟ ಪುಟ್ಟ ಹಣ ಕೂಡಿಸಿ ತಾವೇ ತಮಗೆ ಸಾಲ ಕೊಟ್ಟುಕೊಂಡರು. ಅದು ಉದ್ಯಮವಲ್ಲವೆ? 1950ರ ದಶಕದಲ್ಲಿ ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚಿ ನೌಕರರನ್ನು ಬೀದಿಗೆ ಬಿಡಲು ಹೊರಟಾಗ, ಎ. ಕೆ. ಗೋಪಾಲನ್‌ರ ಮಾರ್ಗದರ್ಶನದಲ್ಲಿ ಆ ನೌಕರರೇ ಸಹಕಾರ ಸಂಘ ಕಟ್ಟಿ ಹೋಟೆಲುಗಳನ್ನು ಕೈಗೆ ತೆಗೆದುಕೊಂಡರು. ಅಂಥ ಮೊದಲ ಸಂಘ 1957ರ ಆಗಸ್ಟಿನಲ್ಲಿ ಎದ್ದದ್ದು ನಮ್ಮ ಬೆಂಗಳೂರಿನಲ್ಲಿ. ಕಪ್ಪು ತೊಳೆಯುವವನೂ ಕಾಫಿ ಸೋಸುವವನೂ ಅಲ್ಲಿ ಪಾಲುದಾರ. ಹೋಟೆಲು ಕಾರ್ಮಿಕರ ಉದ್ಯಮಶೀಲತೆಗೆ ಇದಕ್ಕಿಂತ ದೊಡ್ಡ ಸಾಕ್ಷಿ ಯಾವುದು? ಆದರೂ ಮೇಳಾವದ ಅತಿಥಿಗಳ ಬಾಯಲ್ಲಿ ಈ ಕಥೆ ನಾನು ಒಮ್ಮೆಯೂ ಕೇಳಿಲ್ಲ.

ಶಾಲೆಯಲ್ಲೂ ಇದು ನಡೆಯಬಲ್ಲದು. ಕಾಸರಗೋಡಿನ ಕಡೆಯಿಂದ ಬಂದ ಬಂಧುಗಳನ್ನು ಕೇಳಿ. ಅಲ್ಲಿಯ ಶಾಲೆಗಳಲ್ಲಿ ಪಠ್ಯಪುಸ್ತಕ, ನೋಟುಬುಕ್ಕು ಹಂಚುವ ಶಾಲಾ ಸಹಕಾರ ಸಂಘಗಳಿವೆ. ಒಂದು ದಿನದ ಢಾಲಿಗಿಂತ ವರ್ಷವಿಡೀ ನಡೆಯುವ ಪುಟ್ಟ ಅಂಗಡಿ ಮಗುವಿಗೆ ಹೆಚ್ಚು ಕಲಿಸುತ್ತದೆ.

ನನ್ನ ತಿದ್ದುಪಡಿ

ಆದ್ದರಿಂದ ಠರಾವನ್ನು ಬಿಸಾಡುವುದು ಬೇಡ. ತಿದ್ದಿ ಪಾಸು ಮಾಡೋಣ. ಸಭೆಯ ಮುಂದೆ ನಾನು ಇಡಲಿರುವ ತಿದ್ದುಪಡಿ ಹೀಗಿದೆ:

ಒಂದು: ಬಂಡವಾಳ ಮನೆಯಿಂದ ಬರಬಾರದು. ಸಂಘದ ನಿಧಿಯಿಂದ ಪ್ರತಿ ತಂಡಕ್ಕೂ ಸಮನಾದ ಹಣ ಕೊಡಬೇಕು. ಸಂಜೆ ತಂಡ ಅದನ್ನು ಮರಳಿಸಬೇಕು.

ಎರಡು: ತಂಡಗಳನ್ನು ಚೀಟಿ ಎತ್ತಿ ಮಾಡಬೇಕು. ಹೋಟೆಲಿನವರ ಮಕ್ಕಳು, ಗಿರಣಿಯವರ ಮಕ್ಕಳು, ಮನೆಗೆಲಸದ ತಾಯಂದಿರ ಮಕ್ಕಳು ಬೆರೆಯಬೇಕು. ಗಲ್ಲೆಯ ಕೆಲಸವೂ ಒಲೆಯ ಕೆಲಸವೂ ಹುಡುಗ ಹುಡುಗಿಯರಿಗೆ ಸರದಿಯಂತೆ ಬರಬೇಕು. 14 ವರ್ಷದೊಳಗಿನ ಯಾರೂ ಉರಿಯ ಹತ್ತಿರ ನಿಲ್ಲಬಾರದು.

ಮೂರು: ಪ್ರತಿ ತಂಡವೂ ಕೂಲಿ ಪುಸ್ತಕ ಇಡಬೇಕು. ಯಾರು ಎಷ್ಟು ತಾಸು ದುಡಿದರು, ಹೆಸರು ಸಮೇತ. ತಾಯಿ ರುಬ್ಬಿದ್ದರೆ ತಾಯಿಯ ಹೆಸರು. ಅಜ್ಜಿ ಸೊಪ್ಪು ಬಿಡಿಸಿದ್ದರೆ ಅಜ್ಜಿಯ ಹೆಸರು. ಸಭೆ ನಿಗದಿ ಮಾಡಿದ ದರದಲ್ಲಿ ಅದನ್ನು ಖರ್ಚಿಗೆ ಹಿಡಿಯಬೇಕು.

ನಾಲ್ಕು: ಹೆಚ್ಚು ಲಾಭಕ್ಕೆ ಬಹುಮಾನವಿಲ್ಲ. ಸರಿಯಾದ ಲೆಕ್ಕ ಬರೆದ ಎಲ್ಲ ತಂಡಗಳಿಗೂ ಸಂಘದ ಮುಖ್ಯಸ್ಥರ ಸಹಿಯಿರುವ ಪ್ರಶಸ್ತಿಪತ್ರ. ನಷ್ಟವಾದ ತಂಡ ನಷ್ಟ ಯಾಕಾಯಿತೆಂದು ವೇದಿಕೆಯ ಮೇಲೆ ಹೇಳಬೇಕು. ಅದಕ್ಕೂ ಅಷ್ಟೇ ಚಪ್ಪಾಳೆ.

ಐದು: ಬಂಡವಾಳ ಮರಳಿಸಿ ಸಾಮಾನಿನ ಖರ್ಚು ಕಳೆದ ಮೇಲೆ ಉಳಿದ ಹಣವನ್ನು ಮೊದಲು ದುಡಿದ ತಾಸಿನ ಪ್ರಕಾರ ಹಂಚಬೇಕು. ತಾಯಿಯ ಪಾಲನ್ನು ಮಗು ತನ್ನ ಕೈಯಿಂದಲೇ ತಾಯಿಗೆ ಕೊಡಬೇಕು. ಕೂಲಿ ಪೂರ್ತಿ ತೀರಿ ಏನಾದರೂ ಮಿಕ್ಕರೆ ಅದು ಮಕ್ಕಳ ಸಹಕಾರಿ ಅಂಗಡಿಯ ಮೊದಲ ಠೇವಣಿ. ನೋಟುಬುಕ್ಕು, ಪೆನ್ನು, ಕಂಪಾಸು ಅಲ್ಲಿ ಕೊಂಡ ಬೆಲೆಗೆ ತುಸು ಹೆಚ್ಚಿಟ್ಟು ಮಾರಬೇಕು. ವರ್ಷದ ಕೊನೆಗೆ ಪಾಲು.

ಆರು: ಸ್ಪರ್ಧೆಯ ನೆಪದಲ್ಲಿ ಯಾವ ಮಗುವೂ ಒಂದು ದಿನದ ಪಾಠವನ್ನೂ ತಪ್ಪಿಸಬಾರದು.

ಕೆಲವರು ನಕ್ಕು ಕೇಳಬಹುದು: “ತಾಯಿಗೂ ಕೂಲಿಯೆ? ಮಮತೆಗೆ ಬೆಲೆ ಕಟ್ಟುತ್ತೀರಾ?” ಮಮತೆಗೆ ಯಾರೂ ಬೆಲೆ ಕಟ್ಟುತ್ತಿಲ್ಲ. ಮಗುವಿಗೆ ಉಣ್ಣಿಸಿದ ಇಡ್ಲಿ ಮಮತೆಯದು; ಪ್ಲೇಟಿಗೆ 20 ರೂಪಾಯಿಯಂತೆ ಮಾರಿದ ಇಡ್ಲಿ ದುಡಿಮೆಯದು. ಇವೆರಡರ ನಡುವಿನ ವ್ಯತ್ಯಾಸ ತಿಳಿಯದಿದ್ದರೆ ನಾಳೆ ಧಣಿಯೂ ಇದೇ ಮಾತು ಹೇಳುತ್ತಾನೆ: “ನೀವೆಲ್ಲ ನಮ್ಮ ಮನೆಯವರಿದ್ದ ಹಾಗೆ, ಮನೆಯವರು ಪಗಾರ ಕೇಳುತ್ತಾರೆಯೆ?” ಈ ಮಾತನ್ನು ನಾವು ಎಷ್ಟು ದೀಪಾವಳಿಗಳಲ್ಲಿ ಕೇಳಿಲ್ಲ!

ಬಂಧುಗಳೇ, ನಮ್ಮ ಮಕ್ಕಳಲ್ಲಿ ಕೆಲವರು ಧಂದೆ ಮಾಡುವರು, ಬಹಳ ಜನ ನೌಕರಿ ಮಾಡುವರು. ಧಂದೆ ಮಾಡುವವನು ತನ್ನ ಕೈಕೆಳಗಿನವರ ಕೂಲಿಯನ್ನು ಮರೆಯದ ಧಣಿಯಾಗಲಿ; ನೌಕರಿ ಮಾಡುವವನು ತನ್ನ ಕೂಲಿಯನ್ನು ಲೆಕ್ಕ ಹಾಕಿ ಕೇಳಬಲ್ಲ ಕಾರ್ಮಿಕನಾಗಲಿ. ಎರಡಕ್ಕೂ ಪಾಠ ಒಂದೇ, ಪುಸ್ತಕವೂ ಒಂದೇ. ಸಭೆಗೆ ಬರುವಾಗ ಮನೆಯಾಕೆಯನ್ನೂ ಕರೆದುಕೊಂಡು ಬನ್ನಿ. ಈ ಠರಾವಿನ ಮೇಲೆ ಮೊದಲು ಮಾತಾಡುವ ಹಕ್ಕು ಬೆಳಗಿನ ನಾಲ್ಕು ಗಂಟೆಗೆ ಎದ್ದು ಇಡ್ಲಿ ಬೇಯಿಸುವವರದು. ಅವರ ಮಾತು ಕೇಳಿದ ಮೇಲೆ ಕೈ ಎತ್ತೋಣ.

– ಒಬ್ಬ ಹೋಟೆಲು ಕಾರ್ಮಿಕ, ಖಡಕಿ